‘ಇದು ಭೀಮಸೇನ ಅಲ್ಲೋ ತಮ್ಮಾ!’

ಧಾರವಾಡದ ಮನೆ ಖಾಲಿ ಮಾಡಿ ಅಪ್ಪ ನಮ್ಮ ಜೊತೆ ಇರಲು ಪುಣೆಗೆ ಬಂದಾಗ ತಂದ ಸಾಮಾನು ಬಹಳವೇನಿರಲಿಲ್ಲ. ಎರಡು ಟ್ರಂಕು, ಅಮ್ಮನ ಹೊಲಿಗೆ ಯಂತ್ರ, ದೇವರ ಮನೆಯ ಹಿತ್ತಾಳೆ ಸಾಮಾನು, ಮತ್ತೆ ಹಳೆಯ ಚಾದರದಲ್ಲಿ ಸುತ್ತಿ ಕಟ್ಟಿದ ನಲವತ್ತೆರಡು ಎಲ್‌ಪಿ ರೆಕಾರ್ಡುಗಳು. ಅವನ್ನು ನುಡಿಸುತ್ತಿದ್ದ ಪ್ಲೇಯರ್ ಎಂದೋ ಕೆಟ್ಟು ಗುಜರಿ ಸೇರಿತ್ತು. ಹತ್ತು ಹದಿನೈದು ವರ್ಷಗಳಿಂದ ಆ ರೆಕಾರ್ಡುಗಳು ಸುಮ್ಮನೆ ಅಲಮಾರದಲ್ಲಿ ನಿಂತಿದ್ದವು. ಆದರೂ ಅಪ್ಪ ಅವನ್ನು ಯಾರಿಗೂ ಕೊಟ್ಟಿರಲಿಲ್ಲ.

ಆ ವರ್ಷ ದೀಪಾವಳಿಗೆ ಅಮೆರಿಕದಿಂದ ಬಂದ ನನ್ನ ಭಾವ ಒಂದು ಟರ್ನ್‌ಟೇಬಲ್ ಹೊತ್ತು ತಂದರು. ಎಪ್ಪತ್ತರ ದಶಕದ ಯಂತ್ರ. ಮರದ ಪೆಟ್ಟಿಗೆ, ಭಾರದ ತಟ್ಟೆ, ಬೆಲ್ಟಿನಿಂದ ತಿರುಗುವಂಥದ್ದು. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಹಾಗಾಗಿ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಕೊಂಡು ತಂದೆ. ಜೋಡಿಸಿದೆವು. ತಟ್ಟೆ ತಿರುಗಿತು. ಅಪ್ಪ ತಾವೇ ಹುಡುಕಿ ಭೀಮಸೇನ ಜೋಶಿಯವರ ರೆಕಾರ್ಡು ತೆಗೆದು, ಅಂಚು ಹಿಡಿದು, ಮೆಲ್ಲಗೆ ಇಟ್ಟರು. ಮುಳ್ಳು ಇಳಿಯಿತು. ತಂಬೂರಿ ಶುರುವಾಯಿತು. ಮನೆಯವರೆಲ್ಲ ಅಪ್ಪನ ಮುಖವನ್ನೇ ನೋಡುತ್ತಿದ್ದೆವು.

ಅಪ್ಪ ಎರಡು ನಿಮಿಷ ಕೇಳಿ ತಲೆ ಅಲ್ಲಾಡಿಸಿದರು.

“ಇದು ಭೀಮಸೇನ ಅಲ್ಲೋ ತಮ್ಮಾ. ಯಾರೋ ಬ್ಯಾರೆಯಾಂವ ಹಾಡ್ಲಿಕತ್ತಾನ.”

ಕವರು ತೋರಿಸಿದೆ. ಲೇಬಲ್ ಓದಿ ಹೇಳಿದೆ. “ಹಾಡು ಅವಂದ ಅದ. ದನಿ ಅವಂದಲ್ಲ. ತಂಬೂರಿ ಸೈತ ಇಳದದ” ಎಂದರು.

ಅಪ್ಪನಿಗೆ ಆಗ ಎಂಬತ್ತೊಂದು. ಹರೆಯದಲ್ಲಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಹೋಗಿ ರಾತ್ರಿಯಿಡೀ ನೆಲದ ಮೇಲೆ ಕೂತು ಕೇಳಿದವರು. ನಾನು ಹಾಗಲ್ಲ. ವಿಲಂಬಿತ ಖ್ಯಾಲ್ ಎಂದರೆ ಹೇಗೂ ನಿಧಾನವೇ, ಇನ್ನಷ್ಟು ನಿಧಾನವಾದರೆ ಗೊತ್ತಾಗುವುದು ಹೇಗೆ?

ಸುಳ್ಳು ಹೇಳಿದ ಸಾಕ್ಷಿ

ನಾನು ಎಂಜಿನಿಯರ್. ಮಾತಿಗಿಂತ ಅಳತೆ ನಂಬುವವನು. ಭಾವ ತಂದ ಡಬ್ಬಿಯಲ್ಲೇ ಒಂದು ಸ್ಟ್ರೋಬ್ ಡಿಸ್ಕ್ ಇತ್ತು. ಅದೊಂದು ದುಂಡನೆಯ ಕಾಗದ, ಅಂಚಿನ ಸುತ್ತ ಕಪ್ಪು ಗೀರುಗಳು. ರೆಕಾರ್ಡಿನಂತೆ ತಟ್ಟೆಯ ಮೇಲಿಟ್ಟು ತಿರುಗಿಸಬೇಕು. ಮೇನ್ಸ್ ಕರೆಂಟಿನಲ್ಲಿ ಉರಿಯುವ ದೀಪ ನಮಗೆ ಒಂದೇ ಸಮ ಉರಿದಂತೆ ಕಂಡರೂ ಅದು ಸೆಕೆಂಡಿಗೆ ಹಲವು ಬಾರಿ ಹತ್ತಿ ಆರುತ್ತಿರುತ್ತದೆ. ಎರಡು ಮಿನುಗಿನ ನಡುವೆ ಒಂದು ಗೀರು ಸರಿಯಾಗಿ ಮುಂದಿನ ಗೀರಿನ ಜಾಗಕ್ಕೆ ಬಂದು ನಿಂತರೆ, ಗೀರುಗಳೆಲ್ಲ ಅಲುಗದೆ ನಿಂತಂತೆ ಕಾಣುತ್ತವೆ. ನಿಂತರೆ ವೇಗ ಸರಿ. ಹಿಂದಕ್ಕೆ ಸರಿದರೆ ಯಂತ್ರ ನಿಧಾನ, ಮುಂದಕ್ಕೆ ಸರಿದರೆ ಜೋರು.

ಅಡುಗೆಮನೆಯಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಒಂದು ಉಳಿದಿತ್ತು. ಯಂತ್ರವನ್ನು ಅಲ್ಲಿಗೆ ಒಯ್ದು ನೋಡಿದೆ. ಗೀರುಗಳು ಕಲ್ಲಿನಂತೆ ನಿಂತಿದ್ದವು. ಅಪ್ಪನನ್ನು ಕರೆದು ತೋರಿಸಿದೆ. “ನೋಡಪ್ಪಾ, ವೇಗ ಬರೋಬ್ಬರಿ ಇದೆ. ನಿಮ್ಮ ಕಿವಿಗೆ ಹಾಗೆ ಕೇಳ್ತಿರಬೇಕು” ಎಂದೆ. ಹೇಳಿದ ಧಾಟಿ ಕೊಂಚ ಖಾರವಾಗಿಯೇ ಇತ್ತು.

“ಇರಲಿ ಬಿಡು. ನನ್ನ ಕಿವೀನ ಹೋಗಿರಬೇಕು” ಎಂದು ಅಪ್ಪ ಕೋಣೆಗೆ ಹೋದರು. ಆಮೇಲೆ ರೆಕಾರ್ಡು ಹಾಕು ಎಂದು ಕೇಳಲಿಲ್ಲ.

ಇಂಥ ಮಾತು ಮನೆಯಲ್ಲಿ ಒಮ್ಮೆ ಬಂದರೆ ಹಾಗೆಯೇ ಬೆಳೆಯುತ್ತದೆ. ಅಪ್ಪ ನಲ್ಲಿ ನಿಲ್ಲಿಸಲು ಮರೆತರೆ ನಾನೂ ನನ್ನ ಹೆಂಡತಿಯೂ ಮುಖ ನೋಡಿಕೊಳ್ಳುತ್ತಿದ್ದೆವು. ಔಷಧಿ ತೆಗೆದುಕೊಂಡೆನೋ ಇಲ್ಲವೋ ಎಂದು ಎರಡು ಸಲ ಕೇಳಿದರೆ ‘ಮರೆವು ಶುರುವಾಯಿತೇ’ ಎಂಬ ಯೋಚನೆ. ಕಿವಿಯ ಡಾಕ್ಟರಲ್ಲಿಗೆ ಕರೆದೊಯ್ದೆ. ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಂತೆ ತಾರಸ್ವರದ ಸದ್ದುಗಳು ಕಡಿಮೆ ಕೇಳುತ್ತವೆ, ಉಳಿದಂತೆ ಚೆನ್ನಾಗಿದೆ ಎಂದರು. ಹಾಗಿದ್ದರೆ ದೋಷ ಕಿವಿಯದಲ್ಲ, ತಲೆಯದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಅಳತೆ ಮಾಡಿ ನೋಡಿದ್ದೆನಲ್ಲ!

ಮೂರು ನಿಮಿಷ ಮೂವತ್ತಾರು ಸೆಕೆಂಡು

ಗಂಟು ಬಿಚ್ಚಿದ್ದು ನನ್ನ ಮಗಳು. ಒಂದು ಭಾನುವಾರ ಅದೇ ರೆಕಾರ್ಡು ಹಾಕಿ, ಫೋನಿನಲ್ಲಿ ಅದೇ ಧ್ವನಿಮುದ್ರಣವನ್ನು ಹುಡುಕಿ, ಎರಡನ್ನೂ ಒಟ್ಟಿಗೆ ನುಡಿಸಿದಳು. ಶುರುವಿನಿಂದಲೇ ಎರಡು ತಂಬೂರಿಗಳು ಒಂದಕ್ಕೊಂದು ಸೇರಲಿಲ್ಲ. ಕೀಬೋರ್ಡ್ ಒತ್ತಿ ನೋಡಿದಳು. ಫೋನಿನದು ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಒಂದರ ಹತ್ತಿರ. ರೆಕಾರ್ಡಿನದು ಅದಕ್ಕಿಂತ ಮೂರು ಮನೆಗೂ ಹೆಚ್ಚು ಕೆಳಗೆ, ಕರಿ ಐದಕ್ಕೂ ತುಸು ಕಮ್ಮಿ. ಯಾವ ಗಂಡಸು ಅಷ್ಟು ಕೆಳಗಿನ ಷಡ್ಜ ಹಿಡಿದು ಖ್ಯಾಲ್ ಹಾಡುತ್ತಾನೆ?

ಆಗ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ರೆಕಾರ್ಡಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ, ಗಡಿಯಾರ ಹಿಡಿದು ಸುತ್ತು ಎಣಿಸಿದೆವು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು, ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು. ನಮ್ಮದು 100 ಸುತ್ತು ಮುಗಿಸಲು ತೆಗೆದುಕೊಂಡದ್ದು 3 ನಿಮಿಷ 36 ಸೆಕೆಂಡು. ಲೆಕ್ಕ ಹಾಕಿದರೆ ನಿಮಿಷಕ್ಕೆ 27.8 ಸುತ್ತು. 20 ನಿಮಿಷದ ಹಾಡು 24 ನಿಮಿಷ ನಡೆಯುತ್ತಿತ್ತು.

ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಅವರು ಕೇಳಿದ್ದು ಭೀಮಸೇನರ ದನಿಯೇ ಅಲ್ಲ.

ಹಾಗಾದರೆ ಸ್ಟ್ರೋಬ್ ಡಿಸ್ಕ್ ಸುಳ್ಳು ಹೇಳಿದ್ದೇಕೆ? ಯಂತ್ರವನ್ನು ಬುಧವಾರ ಪೇಠೆಯ ಒಬ್ಬ ಹಳೆಯ ರಿಪೇರಿ ಕಾಕಾರ ಬಳಿ ಒಯ್ದೆ. ಅವರು ಬೆಲ್ಟು ಮುಟ್ಟಲಿಲ್ಲ, ಸ್ಕ್ರೂ ಬಿಚ್ಚಲಿಲ್ಲ. ಯಂತ್ರ ತಿರುಗಿಸಿ ಹಿಂದಿನ ತಗಡಿನ ಮೇಲೆ ಬರೆದದ್ದನ್ನು ಓದಿದರು. “ಮಶೀನ್ ಅಮೇರಿಕೇಚೀ ಕಾ?” ಎಂದು ನಕ್ಕು, ಬೆರಳಿಟ್ಟು ತೋರಿಸಿದರು: 60 ಹರ್ಟ್ಜ್.

ಟ್ರಾನ್ಸ್‌ಫಾರ್ಮರ್ ಮಾಡದ ಕೆಲಸ

ಅಮೆರಿಕದಿಂದ ಸಾಮಾನು ತರಿಸಿಕೊಳ್ಳುವ ನಮ್ಮಂಥ ಮನೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಆಗುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಮನೆಗೆ ಬರುವ ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ, ಹಿಂದೆ ಮುಂದೆ ತೂಗುತ್ತದೆ. ನಮ್ಮಲ್ಲಿ ಸೆಕೆಂಡಿಗೆ 50 ಸಲ, ಅಮೆರಿಕದಲ್ಲಿ 60 ಸಲ. ತೊಟ್ಟಿಲು ತೂಗುವುದನ್ನು ನೆನೆಸಿಕೊಳ್ಳಿ. ಎಷ್ಟು ಜೋರಾಗಿ ತೂಗುತ್ತೀರಿ ಎನ್ನುವುದು ವೋಲ್ಟೇಜು. ನಿಮಿಷಕ್ಕೆ ಎಷ್ಟು ಸಲ ತೂಗುತ್ತೀರಿ ಎನ್ನುವುದು ಫ್ರೀಕ್ವೆನ್ಸಿ. ಟ್ರಾನ್ಸ್‌ಫಾರ್ಮರ್ ಜೋರನ್ನು ಇಳಿಸುತ್ತದೆ, ಎಣಿಕೆಯನ್ನು ಮುಟ್ಟುವುದಿಲ್ಲ. ಹಳೆಯ ಬೆಲ್ಟ್ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಇರುವುದು ಸಿಂಕ್ರೊನಸ್ ಮೋಟಾರು. ಅದು ಜೋರನ್ನು ಕೇಳುವುದಿಲ್ಲ, ಎಣಿಕೆಯನ್ನಷ್ಟೇ ಕೇಳುತ್ತದೆ. ನಮ್ಮ ಯಂತ್ರದ ಮೋಟಾರು 60 ಹರ್ಟ್ಜ್‌ನಲ್ಲಿ ನಿಮಿಷಕ್ಕೆ 300 ಸುತ್ತು ತಿರುಗಬೇಕಾದದ್ದು. ಇಲ್ಲಿನ 50 ಹರ್ಟ್ಜ್‌ನಲ್ಲಿ 250 ಮಾತ್ರ ತಿರುಗುತ್ತಿತ್ತು. ಆರರಲ್ಲಿ ಐದು ಪಾಲು. 33⅓ರ ಆರರಲ್ಲಿ ಐದು ಪಾಲು 27.8.

ಇನ್ನು ಆ ಕಾಗದದ ಡಿಸ್ಕು. ಅದೂ ಅಮೆರಿಕದ್ದೇ. ಅಲ್ಲಿ ದೀಪ ಸೆಕೆಂಡಿಗೆ 120 ಸಲ ಮಿನುಗುತ್ತದೆ, ಹಾಗಾಗಿ 33⅓ಕ್ಕೆ ಬೇಕಾದ ಗೀರುಗಳು 216. ನಮ್ಮಲ್ಲಿ ದೀಪ ಮಿನುಗುವುದು 100 ಸಲ, ಬೇಕಾದ ಗೀರುಗಳು 180. 216 ಗೀರಿನ ಡಿಸ್ಕು ಪುಣೆಯ ಟ್ಯೂಬ್‌ಲೈಟಿನ ಕೆಳಗೆ ಯಾವ ವೇಗದಲ್ಲಿ ನಿಂತಂತೆ ಕಾಣುತ್ತದೆ ಗೊತ್ತೇ? ಸರಿಯಾಗಿ 27.8ರಲ್ಲಿ. ಮೋಟಾರು ಎಷ್ಟು ತಪ್ಪಿತ್ತೋ ಅದನ್ನು ಅಳೆಯುವ ಕೋಲೂ ಅಷ್ಟೇ ತಪ್ಪಿತ್ತು. ಎರಡು ತಪ್ಪುಗಳು ಸೇರಿ ‘ಸರಿ’ ಎಂದವು, ಅದನ್ನು ನಂಬಿ ನಾನು ಅಪ್ಪನ ಮಾತನ್ನು ತಳ್ಳಿಹಾಕಿದ್ದೆ.

ಪರಿಹಾರ ದೊಡ್ಡದೇನಲ್ಲ. ಮೋಟಾರಿನ ತುದಿಯ ಪುಲ್ಲಿ 1.2 ಪಟ್ಟು ದಪ್ಪವಿದ್ದರೆ ಕಳೆದುಹೋದ ವೇಗ ವಾಪಸು ಬರುತ್ತದೆ. ಕೆಲವು ಯಂತ್ರಗಳಿಗೆ 50 ಹರ್ಟ್ಜ್ ಪುಲ್ಲಿ ತಯಾರಾಗಿಯೇ ಸಿಗುತ್ತದೆ. ನಮ್ಮದಕ್ಕೆ ಸಿಗಲಿಲ್ಲ. ಭೋಸರಿಯ ಕಡೆ ಲೇತ್ ಇಟ್ಟುಕೊಂಡವರು ಬೇಕಾದಷ್ಟು ಜನರಿದ್ದಾರೆ. ವರ್ನಿಯರ್ ಹಿಡಿದು ಅಳೆದೆ. ಹಳೆಯ ಪುಲ್ಲಿ 19.1 ಮಿ.ಮೀ., ಒಳತಟ್ಟೆ 180 ಮಿ.ಮೀ. 19.1ನ್ನು 1.2ರಿಂದ ಗುಣಿಸಿ 22.9 ಮಿ.ಮೀ. ಎಂದು ಬರೆದುಕೊಟ್ಟೆ. ಹಿತ್ತಾಳೆಯ ಪುಲ್ಲಿ ಬಂತು. 100 ಸುತ್ತಿಗೆ 181.5 ಸೆಕೆಂಡು. ಇನ್ನೂ ಒಂದೂವರೆ ಸೆಕೆಂಡು ನಿಧಾನ.

ತಪ್ಪು ನನ್ನದೇ. ಬೆಲ್ಟಿಗೂ ದಪ್ಪವಿದೆ. ಪುಲ್ಲಿಯ ಮೈ ಎಷ್ಟೋ ಅಷ್ಟೇ ಅಲ್ಲ, ಅದರ ಮೇಲೆ ಕೂತ ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಬೆಲ್ಟು 1 ಮಿ.ಮೀ. ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದರೆ 23.1 ಮಿ.ಮೀ. ಬೇಕು. ಹತ್ತರಲ್ಲಿ ಎರಡು ಮಿಲಿಮೀಟರಿಗಾಗಿ ಮತ್ತೆ ಬಂದೆನೆಂದು ಟರ್ನರ್ ನಕ್ಕರು, ಆದರೂ ಮಾಡಿಕೊಟ್ಟರು. ನೀವೂ ಪುಲ್ಲಿ ಮಾಡಿಸುವುದಾದರೆ ಎರಡು ಮಾತು ನೆನಪಿಡಿ: ಬೆಲ್ಟು ಕೂರುವ ಮೈ ನಡುವೆ ಕೂದಲೆಳೆಯಷ್ಟು ಉಬ್ಬಿರಬೇಕು, ಇಲ್ಲದಿದ್ದರೆ ಬೆಲ್ಟು ಜಾರಿ ಇಳಿಯುತ್ತದೆ. ಮೋಟಾರಿನ ದಂಡಕ್ಕೆ ಹೊಂದುವ ತೂತು ಸರಿಯಾಗಿ ನಡುವಿನಲ್ಲಿರಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಸ್ವರ ನಡುಗುತ್ತದೆ.

60 ಹರ್ಟ್ಜ್‌ನ ಮೋಟಾರು 50ರಲ್ಲಿ ಕೊಂಚ ಹೆಚ್ಚು ಬಿಸಿಯಾಗುತ್ತದೆ. ಹೊಸ ಪುಲ್ಲಿ ಹಾಕಿದ ಮೇಲೆ ಒಂದು ಗಂಟೆ ಓಡಿಸಿ, ಪ್ಲಗ್ ಕಿತ್ತು, ಮೋಟಾರಿಗೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈಯಿಡಲಾಗದಷ್ಟು ಸುಡುತ್ತಿದ್ದರೆ ಓಡಿಸಬೇಡಿ. ಪುಲ್ಲಿಯ ಗೊಡವೆ ಬೇಡ ಎನ್ನುವವರಿಗೆ, ಮನೆಯ ಕರೆಂಟಿನಿಂದ 60 ಹರ್ಟ್ಜ್ ತಯಾರಿಸಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಇವೆ.

ನಿಮ್ಮ ಯಂತ್ರದ ನಾಡಿ ನೋಡುವುದು

ಈ ಕಥೆ ಗೆಳೆಯರಲ್ಲಿ ಹಬ್ಬಿದ ಮೇಲೆ ನನಗೆ ‘ಪ್ಲೇಯರ್ ಡಾಕ್ಟರ್’ ಎಂಬ ಹೆಸರು ಬಿತ್ತು. ಪುಣೆಯ ಕನ್ನಡದವರ ಮನೆಗಳಲ್ಲಿ ಎಷ್ಟು ರೆಕಾರ್ಡುಗಳು ಮಲಗಿವೆಯೆಂದು ಆಗಲೇ ಗೊತ್ತಾದದ್ದು. ಕೆಲವರು ಜುನಾ ಬಾಜಾರಿನಲ್ಲಿ ಬುಧವಾರವೋ ಭಾನುವಾರವೋ ಹೋಗಿ ಹಳೆಯ ಪ್ಲೇಯರ್ ತಂದಿದ್ದರು, ಕೆಲವರು ಆನ್‌ಲೈನಿನಲ್ಲಿ ಸೂಟ್‌ಕೇಸಿನಂಥ ಹೊಸದನ್ನು ತರಿಸಿದ್ದರು. ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಅಳೆಯಿರಿ, ಆಮೇಲೆ ಬಿಚ್ಚಿರಿ. ಮುಳ್ಳು ರೆಕಾರ್ಡಿನ ಮೇಲಿರುವಾಗಲೇ 100 ಸುತ್ತು ಎಣಿಸಿ. 180 ಸೆಕೆಂಡಿಗೆ ಒಂದು ಸೆಕೆಂಡು ಆಚೀಚೆ ಆದರೆ ಕಿವಿಗೆ ತಿಳಿಯುವುದು ಕಷ್ಟ. 45ರ ರೆಕಾರ್ಡಿಗೆ ಒಂದು ನಿಮಿಷಕ್ಕೆ 45, ಹಳೆಯ ಅರಗಿನ ರೆಕಾರ್ಡಿಗೆ 78. ಫೋನನ್ನು ತಟ್ಟೆಯ ನಡುವಿಟ್ಟು ವೇಗ ತೋರಿಸುವ ಆ್ಯಪ್‌ಗಳೂ ಇವೆ. ಸ್ಟ್ರೋಬ್ ಡಿಸ್ಕ್ ಬಳಸುವುದಾದರೆ 50 ಹರ್ಟ್ಜ್‌ನದೇ ಆಗಿರಲಿ: 33ಕ್ಕೆ 180 ಗೀರು, 45ಕ್ಕೆ 133, 78ಕ್ಕೆ 77. ಈಗಿನ ಒಳ್ಳೆಯ ಎಲ್ಇಡಿ ದೀಪಗಳು ಮಿನುಗುವುದಿಲ್ಲವಾದ್ದರಿಂದ ಅವುಗಳ ಕೆಳಗೆ ಡಿಸ್ಕ್ ಕೆಲಸ ಮಾಡದು.

ಆಮೇಲೆ ತಪ್ಪಿನ ಸ್ವಭಾವ ನೋಡಿ.

ಸದಾ ಒಂದೇ ಪ್ರಮಾಣದಲ್ಲಿ ನಿಧಾನ ಅಥವಾ ಜೋರು ಇದ್ದರೆ ಕಾರಣ ಪುಲ್ಲಿ, ಫ್ರೀಕ್ವೆನ್ಸಿ ಅಥವಾ ವೇಗ ಹೊಂದಿಸುವ ಸ್ಕ್ರೂ. ಅಡಾಪ್ಟರಿನಿಂದ ಓಡುವ ಹೊಸ ಯಂತ್ರಗಳಲ್ಲಿರುವುದು ಡಿ.ಸಿ. ಮೋಟಾರು, ಅವಕ್ಕೆ 50-60ರ ಚಿಂತೆಯಿಲ್ಲ. ಯಂತ್ರದ ತಳದಲ್ಲೋ ಮೋಟಾರಿನ ಬೆನ್ನಲ್ಲೋ ಸಣ್ಣ ತೂತಿನೊಳಗೆ ಸ್ಕ್ರೂ ಇರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಗಡಿಯಾರದ ಮುಳ್ಳಿನ ಒಂದು ನಿಮಿಷದಷ್ಟು ತಿರುಗಿಸಿ, ಮತ್ತೆ ಎಣಿಸಿ.

ಮುಳ್ಳು ಇಟ್ಟಾಗ, ಅಥವಾ ಹಾಡು ಜೋರಾದಾಗ ವೇಗ ಕುಸಿದರೆ ಬೆಲ್ಟು ಸಡಿಲಾಗಿದೆ ಎಂದು ಅರ್ಥ. ರಬ್ಬರು ಹಿಗ್ಗಿರುತ್ತದೆ ಅಥವಾ ಮೈ ನುಣುಪಾಗಿರುತ್ತದೆ. ಬಿಸಿನೀರಿನಲ್ಲಿ ಕುದಿಸಿದರೆ ಕುಗ್ಗುತ್ತದೆ ಎನ್ನುವವರಿದ್ದಾರೆ, ಅದು ನಾಲ್ಕು ದಿನದ ಸುಖ. ಹೊಸ ಬೆಲ್ಟು ಹಾಕಿ. ಬೆಲ್ಟಿನ ಬದಲು ರಬ್ಬರಿನ ಗಾಲಿ ತಟ್ಟೆಯನ್ನು ತಿರುಗಿಸುವ ಯಂತ್ರವಾದರೆ, ಆ ಗಾಲಿ ಗಟ್ಟಿಯಾಗಿ ಜಾರುತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ತೀರಾ ನುಣುಪಾಗಿದ್ದರೆ ನವಿರಾದ ಮರಳು ಕಾಗದವನ್ನು ಒಮ್ಮೆ ಸವರಿ. ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡು ನಿಂತ ಗಾಲಿಯಲ್ಲಿ ತಗ್ಗು ಬಿದ್ದು ‘ಧಡ್ ಧಡ್’ ಎನ್ನುತ್ತಿದ್ದರೆ ಮಾತ್ರ ಗಾಲಿಯನ್ನೇ ಬದಲಿಸಬೇಕು.

ಪ್ರತಿ ಎರಡು ಸೆಕೆಂಡಿಗೊಮ್ಮೆ ಎಂಬಂತೆ ಸ್ವರ ತೇಲಿ ಮುಳುಗಿದರೆ ಯಂತ್ರವನ್ನು ಬೈಯಬೇಡಿ. ಎಲ್‌ಪಿಯ ಒಂದು ಸುತ್ತಿಗೆ 1.8 ಸೆಕೆಂಡು. ಆ ಲಯದಲ್ಲಿ ಸ್ವರ ಅಲ್ಲಾಡುತ್ತಿದ್ದರೆ ರೆಕಾರ್ಡಿನ ತೂತು ನಡುವಿನಲ್ಲಿಲ್ಲ, ಅಥವಾ ರೆಕಾರ್ಡು ಸೊಟ್ಟಗಾಗಿದೆ. ಬೇರೆ ರೆಕಾರ್ಡು ಹಾಕಿ ನೋಡಿದರೆ ತಿಳಿಯುತ್ತದೆ. ಅದಕ್ಕಿಂತ ಬೇಗ ಬೇಗ ನಡುಗಿದರೆ ದೋಷ ಪುಲ್ಲಿಯದೋ ಮೋಟಾರಿನದೋ.

ಇದ್ದಕ್ಕಿದ್ದಂತೆ ಓಡಿ ಇದ್ದಕ್ಕಿದ್ದಂತೆ ನಿಧಾನವಾದರೆ ವೇಗದ ಗುಂಡಿಯಲ್ಲಿ ಅಥವಾ ಸ್ವಿಚ್ಚಿನಲ್ಲಿ ಧೂಳು ಕೂತು ಸಂಪರ್ಕ ಕಡಿಯುತ್ತಿದೆ. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಿಂಪಡಿಸಿ, ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಎಷ್ಟೋ ಬಾರಿ ಸರಿಹೋಗುತ್ತದೆ.

ಬೆಳಿಗ್ಗೆ ನಿಧಾನ, ಮಧ್ಯಾಹ್ನ ಸರಿ ಎಂದರೆ ಎಣ್ಣೆಯ ತೊಂದರೆ. ಸಿಂಹಗಡ ರಸ್ತೆಯ ಒಂದು ಮನೆಯಲ್ಲಿ ಇದನ್ನೇ ಕಂಡೆ. ಡಿಸೆಂಬರಿನಲ್ಲಿ ಮಾತ್ರ ಪ್ಲೇಯರ್ ಮೊಂಡು ಹಿಡಿಯುತ್ತಿತ್ತು, ಹೊತ್ತೇರಿದ ಮೇಲೆ ಓಡುತ್ತಿತ್ತು. ತಟ್ಟೆ ಎತ್ತಿ ನೋಡಿದರೆ ದಂಡದ ಸುತ್ತ ಬೆಳ್ಳಗೆ ಗಟ್ಟಿಯಾದದ್ದೇನೋ ಇತ್ತು, ಮೂಸಿದರೆ ಕೊಬ್ಬರಿ ಎಣ್ಣೆ! ಮಂಗಳೂರಿನ ಸೆಕೆಯಲ್ಲಿ ಅದು ವರ್ಷವಿಡೀ ನೀರಾಗಿಯೇ ಇದ್ದೀತು. ಆದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು 24 ಡಿಗ್ರಿಯ ಆಸುಪಾಸಿನಲ್ಲಿ, ಪುಣೆಯ ಚಳಿಗಾಲದ ಬೆಳಗಿಗೆ ಅದು ಬೆಣ್ಣೆಯೇ. ಹಳೆಯದನ್ನೆಲ್ಲ ಆಲ್ಕೊಹಾಲಿನಿಂದ ಒರೆಸಿ, ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೇ ಹನಿ ಬಿಡಿ. ಬೆಲ್ಟಿಗೂ ರಬ್ಬರು ಗಾಲಿಗೂ ಎಣ್ಣೆಯ ಕೈ ಸೋಕದಿರಲಿ. ಮತ್ತೆ, ಏನೇ ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ. ಹಳೆಯ ಯಂತ್ರಗಳ ಮೋಟಾರಿನವರೆಗೂ ನೇರ 230 ವೋಲ್ಟ್ ಹೋಗಿರುತ್ತದೆ.

ರೆಕಾರ್ಡಿನಲ್ಲೇ ಇರುವ ಗೊಂದಲ

ಅಜ್ಜನ ಕಾಲದ 78ರ ರೆಕಾರ್ಡುಗಳಿರುವವರಿಗೆ ಒಂದು ಎಚ್ಚರಿಕೆ. 78 ಎಂಬ ಸಂಖ್ಯೆ ಗಟ್ಟಿಯಾಗಿ ನೆಲೆಯೂರಿದ್ದು 1920ರ ದಶಕದಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ. ಅದಕ್ಕೂ ಹಿಂದಿನವನ್ನು ಬೇರೆ ಬೇರೆ ವೇಗದಲ್ಲಿ ಮುದ್ರಿಸುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಕಾಲದ ರೆಕಾರ್ಡುಗಳನ್ನು ಕಣ್ಣುಮುಚ್ಚಿ 78ಕ್ಕೆ ಓಡಿಸಿದರೆ ಸರಿಯಾದ ಶ್ರುತಿ ಸಿಕ್ಕೀತೆಂಬ ಭರವಸೆಯಿಲ್ಲ. ಅಲ್ಲಿ ಯಂತ್ರಕ್ಕಿಂತ ಕಿವಿಯೇ ಪ್ರಮಾಣ: ಹಾಡುಗಾರರ ಶ್ರುತಿ ಬಲ್ಲವರನ್ನು ಕೂರಿಸಿಕೊಂಡು ವೇಗ ಹೊಂದಿಸಬೇಕು.

ಇದರ ತಿರುವುಮುರುವೂ ಇದೆ. ಗಂಗೂಬಾಯಿ ಹಾನಗಲ್ಲರ ಎಳೆವಯಸ್ಸಿನ ರೆಕಾರ್ಡು ಹಾಕಿದರೆ ‘ಯಂತ್ರ ಜೋರಾಗಿ ಓಡುತ್ತಿದೆ’ ಎಂದು ಹಲವರು ದೂರುತ್ತಾರೆ. ನಾವು ರೇಡಿಯೋದಲ್ಲಿ, ಕಛೇರಿಯಲ್ಲಿ ಕೇಳಿದ್ದು ಅವರ ಘನವಾದ, ಗಂಡುದನಿಯನ್ನು ಹೋಲುವ ಕಂಠ. ಗಂಟಲಿನ ಚಿಕಿತ್ಸೆಯ ನಂತರ ದನಿ ಹಾಗೆ ಬದಲಾದದ್ದು. ಅದಕ್ಕೂ ಮೊದಲು ಅವರದು ಏರುಶ್ರುತಿಯ ತೆಳು ಕಂಠ. ಯಂತ್ರವನ್ನು ನಿಧಾನ ಮಾಡಿ ಆ ಎಳೆಯ ಗಂಗೂಬಾಯಿಯನ್ನು ಕೆಡಿಸಬೇಡಿ.

ಕೀಲಿ ಕೊಡುವ ಗ್ರಾಮೊಫೋನಿನಲ್ಲಿ ಕರೆಂಟೇ ಇಲ್ಲ. ಅಲ್ಲಿ ವೇಗ ಕಾಯುವುದು ಗವರ್ನರ್: ತಿರುಗುವಾಗ ಹೊರಕ್ಕೆ ಚಾಚುವ ಮೂರು ಸಣ್ಣ ಗುಂಡುಗಳು, ಅವು ಚಾಚಿದಷ್ಟೂ ಒಂದು ಬಿಲ್ಲೆ ಸರಿದು ಬ್ರೇಕಿಗೆ ಒತ್ತುತ್ತದೆ. ಗುಂಡುಗಳನ್ನು ಹಿಡಿದ ತೆಳು ಪಟ್ಟಿ ಮುರಿದರೆ, ಬ್ರೇಕಿನ ಚರ್ಮ ಒಣಗಿದರೆ ವೇಗ ಕೈತಪ್ಪುತ್ತದೆ. ಮುಖ್ಯ ಸ್ಪ್ರಿಂಗಿನ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಸುರುಳಿ ಸಿಡಿದರೆ ಕೈ ಕೊಯ್ದೀತು.

ನಮಗೂ ಪುಣೆಗೂ ಇರುವ ನಂಟಿನಲ್ಲಿ ಇಂಥದೊಂದು ಯಂತ್ರದ ಪಾಲೂ ಇದೆ. ಗದಗಿನ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿಯೇ ಸಂಗೀತದ ಹುಚ್ಚು ಹತ್ತಿಸಿಕೊಂಡದ್ದು, 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟದ್ದು. ಊರೂರು ಸುತ್ತಿ ಕೊನೆಗೆ ಸಿಕ್ಕ ಗುರು ಕುಂದಗೋಳದ ಸವಾಯಿ ಗಂಧರ್ವರು, ಅದೇ ಖಾನಸಾಹೇಬರ ಶಿಷ್ಯರು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು, ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಉತ್ಸವ ನಡೆಯತೊಡಗಿತು. ಆ ಹುಡುಗ ರೆಕಾರ್ಡು ಕೇಳಿದ ಯಂತ್ರದ ಕೀಲಿ ಸಡಿಲಾಗಿ ತಟ್ಟೆ ನಿಧಾನ ತಿರುಗಿದ್ದರೆ ಏನಾಗುತ್ತಿತ್ತೋ ಎಂದು ನಾನು ಒಮ್ಮೊಮ್ಮೆ ಯೋಚಿಸುತ್ತೇನೆ.

ಎರಡೂರಿಗೂ ಒಂದೇ ಮಿಡಿತ

ಅಪ್ಪನಿಗೆ ಈ ಫ್ರೀಕ್ವೆನ್ಸಿಯ ಕಥೆ ಬಹಳ ಹಿಡಿಸಿತು. “ಹಂಗಾದ್ರ ಧಾರವಾಡದಾಗೂ ಇಲ್ಲಿನಾಗೂ ಕರೆಂಟು ಒಂದs ಏನು?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಈಗ ಒಂದೇ, ಮೊದಲು ಬೇರೆ.

ದಕ್ಷಿಣದ ರಾಜ್ಯಗಳ ವಿದ್ಯುತ್ ಜಾಲ ಬಹುಕಾಲ ಪ್ರತ್ಯೇಕವಾಗಿತ್ತು. ಉಳಿದ ಭಾರತದ ಜೊತೆ ವಿದ್ಯುತ್ತಿನ ಕೊಡುಕೊಳ್ಳುವಿಕೆ ಇದ್ದರೂ ಅದು ಡಿ.ಸಿ. ಕೊಂಡಿಗಳ ಮೂಲಕ ನಡೆಯುತ್ತಿತ್ತು, ಹಾಗಾಗಿ ಎರಡೂ ಕಡೆಯ ಫ್ರೀಕ್ವೆನ್ಸಿಗೆ ಸಂಬಂಧವಿರಲಿಲ್ಲ. ಒಂದೇ ಗಳಿಗೆಯಲ್ಲಿ ಧಾರವಾಡದ ಪ್ಲೇಯರ್ ಒಂದು ವೇಗದಲ್ಲೂ ಪುಣೆಯದು ಕೂದಲೆಳೆಯಷ್ಟು ಬೇರೆ ವೇಗದಲ್ಲೂ ತಿರುಗುತ್ತಿದ್ದವು. 50ರ ಜಾಗದಲ್ಲಿ 49 ಇದ್ದರೆ ಶ್ರುತಿ ಒಂದು ಮನೆಯ ಮೂರನೇ ಒಂದು ಪಾಲು ಇಳಿಯುತ್ತದೆ, ಸೂಕ್ಷ್ಮ ಕಿವಿಗೆ ಅದು ಕಡಿಮೆಯೇನಲ್ಲ. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಮಾರ್ಗ ಚಾಲೂ ಆಗಿ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಂದಿಗೆ ಲಯ ಕೂಡಿಸಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ. ಈಗ ಅದನ್ನು 49.90ರಿಂದ 50.05ರ ನಡುವೆ ಹಿಡಿದಿಡಬೇಕೆಂಬ ನಿಯಮವೂ ಇದೆ.

“ಅಂದ್ರ ನಮ್ಮ ರಾಯಚೂರ ಕೂಡಿಸ್ತು ಅನ್ನು” ಎಂದರು ಅಪ್ಪ.

ಎರಡನೆಯ ಪುಲ್ಲಿ ಹಾಕಿದ ಸಂಜೆ ನಾನು ಅಮ್ಮನ ಹೊಲಿಗೆ ಯಂತ್ರದ ಡ್ರಾದಿಂದ ಎಣ್ಣೆಯ ಬುಡ್ಡಿ ತೆಗೆದು ದಂಡಕ್ಕೆ ಒಂದು ಹನಿ ಬಿಟ್ಟೆ. 180 ಗೀರಿನ ಡಿಸ್ಕು ಮುದ್ರಿಸಿ ತಂದು ನೋಡಿದೆ, ಗೀರುಗಳು ನಿಂತಿದ್ದವು. ಈ ಸಲ ಅದನ್ನಷ್ಟೇ ನಂಬದೆ 100 ಸುತ್ತನ್ನೂ ಎಣಿಸಿದೆ. ಮೂರು ನಿಮಿಷ. ಆಮೇಲೆ ಅಪ್ಪನ ಕೋಣೆಯ ಬಾಗಿಲಿಗೆ ಹೋಗಿ, “ಅಪ್ಪಾ, ಒಮ್ಮೆ ಬಂದು ಕೇಳ್ತೀರಾ? ನನಗೆ ಗೊತ್ತಾಗ್ತಾ ಇಲ್ಲ, ನೀವೇ ಹೇಳಬೇಕು” ಎಂದೆ.

ಬಂದು ಕೂತರು. ತಂಬೂರಿ ಶುರುವಾಯಿತು. ಮೊದಲ ಷಡ್ಜಕ್ಕೇ ಅಪ್ಪನ ಕೈ ತೊಡೆಯ ಮೇಲೆ ತಾಳಕ್ಕೆ ಬಿತ್ತು. ಬಹಳ ಹೊತ್ತು ಏನೂ ಹೇಳಲಿಲ್ಲ. ಒಂದು ತಾನು ಮುಗಿದು ಸಮಕ್ಕೆ ಬಂದಾಗ ನನ್ನ ಕಡೆ ತಿರುಗಿ, “ಬಂದಾ ನೋಡು” ಎಂದರು.

ನಾನು ಕ್ಷಮೆ ಕೇಳಿದೆ. “ಯದಕ್ಕs?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಹಾಡಿಗೆ ಕಿವಿಗೊಟ್ಟರು.

ನಮ್ಮೊಡನೆ ಇರಲು ಊರು ಬಿಟ್ಟು ಬಂದ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಇಲ್ಲಿನ ನೀರು ರುಚಿಯಿಲ್ಲ, ಗಡಿಯಾರ ಮುಂದಿದೆ, ಹಾಡು ಹೀಗಲ್ಲ ಎಂದು ಅವರು ಹೇಳುತ್ತಲೇ ಇರುತ್ತಾರೆ. ಎಲ್ಲವೂ ನಿಜವಿರಬೇಕೆಂದಿಲ್ಲ. ಆದರೆ ವಯಸ್ಸಿನ ಮೇಲೆ ಹಾಕಿ ಮುಗಿಸುವ ಮೊದಲು ಒಂದು ಗಡಿಯಾರ ಹಿಡಿದು ನೂರು ಸುತ್ತು ಎಣಿಸಿ ನೋಡಿ. ಮೂರು ನಿಮಿಷದ ಕೆಲಸ.